ಒಳಗೆ ಮಡಚಿಟ್ಟ ಬಟ್ಟೆ

ನನಗೆ ಕೋಪ ಮೂಗಿನ ತುದೀಲೇ ಇರೋದು. ಒಂದು ಕಣ್ಣಿಗೆ ಆಪರೇಷನ್ ಮಾಡಿ ಪಟ್ಟಿ ಕಟ್ಟಿದ ಮೇಲಂತೂ ಕೇಳಲೇಬೇಡಿ. ಹೊಲಿಗೆ ಮಿಷನ್ ಹತ್ತಿರ ಸುಳಿಯಬೇಡ ಅಂತ ಅಪ್ಪಣೆ ಕೊಟ್ಟವಳು ಬೇರೆ ಯಾರೂ ಅಲ್ಲ, ನಾನೇ ಹೆತ್ತು, ಓದಿಸಿ, ಡಾಕ್ಟರ್ ಮಾಡಿದ ಮಗಳು!

ಈ ದರ್ಜಿ ಅಂಗಡಿ ನಮ್ಮ ಮಾವಂದು. ಒಂದು ಕತ್ತರಿ ಹಿಡ್ಕೊಂಡು ಹಡಗು ಹತ್ತಿ ಈ ದೇಶಕ್ಕೆ ಬಂದೋರು. ಇಲ್ಲಿನ ಭಾಷೆ ಬರದೆ ಮೊದಮೊದಲು ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ಮಾತು. ಹಗಲೆಲ್ಲ ಬಟ್ಟೆ ಕತ್ತರಿಸಿದ ಮೇಜನ್ನ ಸಂಜೆ ಸೀಮೆಸುಣ್ಣ ಒರೆಸಿ ಮಕ್ಕಳಿಗೆ ಓದೋಕೆ ಬಿಡೋರು. ನಮ್ಮನೆ ಮಕ್ಕಳಷ್ಟೇ ಅಲ್ಲ, ಬೀದಿಗೆ ಹೊಸದಾಗಿ ಬಂದೋರ ಮಕ್ಕಳೆಲ್ಲ ಅಲ್ಲೇ. ಆ ಮೇಜಿನಲ್ಲಿ ಓದಿ ಕಾಲೇಜು ಸೇರಿದೋರಿಗೆ ಮೊದಲ ಕೋಟು ನಮ್ಮ ಅಂಗಡೀದೇ. ಮಾವ ಕೊಟ್ಟ ಮಾತು ಅದು. ಅವರು ಹೋದ ಮೇಲೂ ತಪ್ಪಿಲ್ಲ.

ಅವರದು ಇನ್ನೊಂದು ಪಾಠ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಮ್ಮ. ಕಾಲು ಬೆಳೆದ್ರೆ? ಮುಂದೆ ಬಿಚ್ಚೋಕೆ ಒಂದಿಷ್ಟು ಬಟ್ಟೆ ಒಳಗೆ ಮಡಚಿಡು." ಹಾಗಾಗಿ ನಾವು ಹೊಲಿದದ್ದಕ್ಕೆಲ್ಲ ಅಂಚಲ್ಲೂ ತೋಳಲ್ಲೂ ನಾಲ್ಕು ಬೆರಳು ಮಡಿಕೆ. ಅಭ್ಯಾಸಬಲ ನೋಡಿ, ಮಗಳ ಬಿಳಿ ಕೋಟಿಗೂ ಹಾಗೇ ಮಾಡಿದ್ದೆ. ಕಾಲೇಜಿಂದ ಬಂದವಳೇ ಮುಖ ಊದಿಸ್ಕೊಂಡು, "ಕಲ್ಲು ಕಟ್ಟಿದ ಹಾಗೆ ಜೋಲುತ್ತಮ್ಮ. ನಾನಿನ್ನೂ ಬೆಳೀತೀನಾ?" ಅಂದಿದ್ದಳು.

ಮೊನ್ನೆ ಮಧ್ಯಾಹ್ನ ಎದುರುಮನೆ ಬಸ್ ಡ್ರೈವರ್ ಮಗಳು ಬಂದಳು. ನಾವು ಅವಳನ್ನ ಏಣಿ ಅಂತಲೇ ಕರೆಯೋದು, ಅಷ್ಟುದ್ದ. ನಮ್ಮ ಮೇಜಲ್ಲೇ ಓದಿ ಮೆಡಿಕಲ್ ಸೀಟು ಗಿಟ್ಟಿಸಿದ ಹುಡುಗಿ.

"ಕಾಲೇಜು ಯಾವಾಗಿಂದೇ?"

"ನಾಳೆಯಿಂದ, ಅಜ್ಜಿ."

"ನಾಳೇನಾ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ನಿಮ್ಮ ಕಣ್ಣು ಹೀಗಿರೋವಾಗ ಹೇಗೆ ಕೇಳಲಿ..." ಅಂತ ತಲೆ ತಗ್ಗಿಸಿದಳು.

ಮಾವನ ಮಾತು ನನ್ನ ಕಾಲದಲ್ಲಿ ತಪ್ಪೋದಾ?

"ರೆಡಿಮೇಡ್ ತಂದ್ರಾಯ್ತು ಬಿಡಮ್ಮ," ಅಂದ ನನ್ನ ಇಂಜಿನಿಯರ್ ಮಗ.

"ಮುಚ್ಚೋ ಬಾಯಿ! ಸೇತುವೆ ಕಟ್ಟೋನೇ, ಸೂಜಿಗೆ ದಾರ ಪೋಣಿಸು ನೋಡೋಣ."

ಪಾಪ, ಪೋಣಿಸೋಕೆ ಹೋಗಿ ಬೆರಳು ಚುಚ್ಚಿಕೊಂಡ. ಓದಿಸೋ ಭರದಲ್ಲಿ ಒಬ್ಬರಿಗೂ ಹೊಲಿಗೆ ಕಲಿಸಲಿಲ್ಲವಲ್ಲ ಅಂತ ನನ್ನನ್ನೇ ಬೈಕೊಂಡೆ. ಏನಾದ್ರಾಗಲಿ ಅಂತ ನಾನೇ ಮಿಷನ್ ಮುಂದೆ ಕೂತೆ.

"ಏಳಮ್ಮ ಅಲ್ಲಿಂದ!" ಮಗಳು ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ನನ್ನ ಕೋಪ ಪೂರ್ತಿ ಅವಳಿಗೇ ಬಂದಿದೆ. ವಿಷಯ ಕೇಳಿದವಳು ದಡದಡ ಮಹಡಿ ಹತ್ತಿ ಹೋಗಿ, ಆ ಜೋಲುಕೋಟನ್ನೇ ತಂದಳು. ಅದನ್ನ ಇಷ್ಟು ವರ್ಷ ಜೋಪಾನ ಮಾಡಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಮನುಷ್ಯರ ಹೊಟ್ಟೆ ಹೊಲಿಯೋಳಿಗೆ ಕೋಟಿನ ಅಂಚು ಯಾವ ಲೆಕ್ಕ?" ಅಂತ ಮೇಜಿನ ಮೇಲೆ ಹರಡಿ ಮಡಿಕೆ ಬಿಚ್ಚಿದಳು. ತೋಳು ಇಳೀತು, ಅಂಚು ಇಳೀತು. ಏಣಿ ಹಾಕ್ಕೊಂಡು ನಿಂತರೆ ಅಳತೆ ತೆಗೆದು ಹೊಲಿದ ಹಾಗಿದೆ! ಹುಡುಗಿ ಅತ್ತೇಬಿಟ್ಟಳು. ನಾನು ಅತ್ತೆನೋ ಇಲ್ವೋ ಕೇಳಬೇಡಿ, ಕಣ್ಣಲ್ಲಿ ನೀರು ಬರಬಾರದು ಅಂತ ಡಾಕ್ಟರಮ್ಮನ ಕಟ್ಟಪ್ಪಣೆ.

"ತಾಳು, ಇನ್ನೂ ಮುಗಿದಿಲ್ಲ," ಅಂತ ಮಗಳು ಕೋಟು ಬಿಚ್ಚಿಸಿದಳು. ಬಿಳಿ ಬಟ್ಟೆಯಲ್ಲಿ ಪಟ್ಟಿ ಕತ್ತರಿಸಿ, ಅಂಚಿಗೂ ತೋಳಿಗೂ ಒಳಗಿಂದ ಸೇರಿಸಿ, ಕೈಯಲ್ಲೇ ಹೊಲಿದಳು. ಒಂಟಿಕಣ್ಣನ್ನ ನಂಬದೆ ನಾನು ಬೆರಳಾಡಿಸಿ ನೋಡಿದೆ. ಸಣ್ಣ, ಒತ್ತಾದ ಹೊಲಿಗೆ. ಒಳಗೆ ಸರಿಯಾಗಿ ನಾಲ್ಕು ಬೆರಳು ಮಡಿಕೆ.

"ಇದ್ಯಾಕೇ ಮತ್ತೆ? ಏಣಿ ಇನ್ನೂ ಬೆಳೀಬೇಕಾ?"

"ಇವಳಿಗಲ್ಲಮ್ಮ." ಹಲ್ಲಲ್ಲಿ ದಾರ ಕಚ್ಚಿ ತುಂಡು ಮಾಡಿದಳು. "ಇವಳು ಮುಂದೆ ಯಾರಿಗೋ ಕೊಡ್ತಾಳಲ್ಲ, ಅವಳು ಇವಳಿಗಿಂತ ಉದ್ದ ಇದ್ರೆ?"

ಅಯ್ಯೋ ನನ್ನ ಕಂದಾ! ಹೊಲಿಗೆ ನಾನು ಕಲಿಸಲೇ ಇಲ್ಲ, ಮಡಿಕೆ ಬಿಡೋದನ್ನ ಇವಳು ಯಾವಾಗ ಕಲಿತಳು? ಬಟ್ಟೆ ತಗೊಂಡು ಮೇಜಿನ ಮೇಲಿನ ಸೀಮೆಸುಣ್ಣ ಒರೆಸಿದೆ. ಮಕ್ಕಳು ಓದೋಕೆ ಬರೋ ಹೊತ್ತಾಗಿತ್ತು.