ಎರಡನೆಯ ಸಹಿ

"ತಿನ್ನಬಹುದು," ಎಂದು ಮಾವ ಚೀಟಿಗೆ ಸಹಿ ಗೀಚಿ ಸೊಸೆಯತ್ತ ತಳ್ಳಿದರು.

ಪ್ರಾಂತೀಯ ಅಣಬೆ ಅಧ್ಯಯನ ಸಂಘದ ವಾರ್ಷಿಕ ಪ್ರದರ್ಶನದಲ್ಲಿ, ಜನ ಕಿತ್ತು ತಂದ ಅಣಬೆಗಳನ್ನು ಪರೀಕ್ಷಿಸುವ ಮೇಜು ಅವರಿಬ್ಬರದು. ಒಬ್ಬರ ಮಾತು ಸಾಲದು, ಎರಡು ಸಹಿ ಬೇಕು ಎಂಬುದು ಸಂಘದ ನಿಯಮ. ನಿಯಮವೇನೋ ಸರಿಯೇ. ಆದರೆ ಮೂವತ್ತು ವರ್ಷದಿಂದ ಅಧ್ಯಕ್ಷರಾಗಿದ್ದ ಮಾವ ಒಮ್ಮೆ ಹೇಳಿದ ಮೇಲೆ ಮುಗಿಯಿತು. ಎರಡನೆಯ ಸಹಿ ಕಣ್ಣು ಮುಚ್ಚಿಕೊಂಡೇ ಬೀಳುತ್ತಿತ್ತು.

ಈ ಸಲ ಅವಳ ಕೈ ತಡೆಯಿತು. ಬುಟ್ಟಿಯಲ್ಲಿದ್ದ ಬಿಳಿ ಅಣಬೆಗಳ ಕಾಂಡವನ್ನು ಚಾಕುವಿನಿಂದ ನೀಟಾಗಿ ಕತ್ತರಿಸಲಾಗಿತ್ತು.

"ಬುಡ ಎಲ್ಲಿ?"

"ಮಣ್ಣಾಗುತ್ತೆ ಅಂತ ಅಲ್ಲೇ ಬಿಟ್ಟೆ ಅಕ್ಕ," ಎಂದ, ಅವನ್ನು ತಂದಿದ್ದ ಬಸ್ ಡ್ರೈವರ್.

ಪ್ರಾಣ ತೆಗೆಯುವ ಜಾತಿಯದಾದರೆ ಬುಡಕ್ಕೊಂದು ಚೀಲವಿರುತ್ತದೆ, ಮಣ್ಣಿನೊಳಗೆ. ಹಾಗೆಂದು ಅವಳಿಗೆ ಕಲಿಸಿದ್ದೇ ಮಾವ.

"ಬುಡ ನೋಡದೆ ನಾನು ಸಹಿ ಹಾಕಲ್ಲ ಮಾವ."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮಾವನ ಕಿವಿ ಕೆಂಪಗಾಯಿತು. "ನನ್ನ ಕೂದಲೇನು ಬಿಸಿಲಿಗೆ ನೆರೆತಿದ್ದಾ? ನಡಿ, ನೋಡೇಬಿಡೋಣ."

ಡ್ರೈವರ್ ಅವರನ್ನು ಪಕ್ಕದ ಬಸ್ ಡಿಪೋದ ಹಿಂದಿದ್ದ ಮರಗಳ ಬಳಿಗೆ ಕರೆದೊಯ್ದ. ಮಾವ ಯಾರ ಕೈಗೂ ಕೊಡದೆ ತಾವೇ ಮಂಡಿಯೂರಿ ಒಂದು ಅಣಬೆಯ ಸುತ್ತ ಅಗೆದರು. ಮಣ್ಣು ಉದುರಿತು. ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೀಲದಲ್ಲಿ ಬುಡ ಕುಳಿತಿತ್ತು. ಮಾವ ಅದನ್ನು ಕಣ್ಣಿನ ತೀರಾ ಹತ್ತಿರ ಹಿಡಿದು ನೋಡಿದರು. ಅವರು ಇಷ್ಟು ಮುದುಕರಾಗಿದ್ದು ಯಾವಾಗ ಎಂದು ಸೊಸೆಗೆ ಸಂಕಟವಾಯಿತು.

"ಅಯ್ಯೋ," ಎಂದ ಡ್ರೈವರ್. "ನಮ್ಮ ಕಂಡಕ್ಟರ್ ಮೇಡಂ ಕುಯ್ದಿದ್ದೂ ಇಲ್ಲೇ. ಬೆಳಿಗ್ಗೆ ನಿಮ್ಮ ಹತ್ರಾನೇ ತೋರಿಸಿದ್ರಲ್ಲ!"

ಬೆಳಿಗ್ಗೆ ಚಹಾ ಕುಡಿಯುತ್ತಾ, ಬುಟ್ಟಿಯತ್ತ ತಿರುಗಿಯೂ ನೋಡದೆ, ಕಂಡಕ್ಟರ್ ಚೀಟಿಗೆ ಎರಡನೆಯ ಸಹಿ ಹಾಕಿದ್ದು ಸೊಸೆಯೇ.

ಡ್ರೈವರ್ ಕಂಡಕ್ಟರ್ ಮನೆಗೆ ಫೋನ್ ಹಚ್ಚಿ ಸೊಸೆಯ ಕೈಗೆ ಕೊಟ್ಟ. ರಿಂಗಾಯಿತು, ಆಗುತ್ತಲೇ ಇತ್ತು. ಕೊನೆಗೆ ಒಂದು ಮಗು ಎತ್ತಿಕೊಂಡಿತು.

"ಅಮ್ಮ ಅಡುಗೆಮನೇಲಿದ್ದಾರೆ."

"ಓಡು ಪುಟ್ಟಾ, ಅಣಬೆ ಯಾರೂ ತಿನ್ನಬಾರದಂತೆ ಅಂತ ಹೇಳು. ಅಮ್ಮನ್ನ ಕರಿ."

ಪುಟ್ಟ ಹೆಜ್ಜೆಗಳು ದೂರವಾದವು. ಏನೋ ಬಿದ್ದ ಸದ್ದು.

"ಹಲೋ? ಯಾಕ್ರೀ? ಈಗ ತಾನೆ ಬಾಣಲೆಗೆ ಹಾಕಿದೀನಿ."

"ಚೆಲ್ಲಿಬಿಡಿ," ಎಂದಳು. "ತಪ್ಪು ನನ್ನದು. ನಾನು ನೋಡಿರಲಿಲ್ಲ."

ಅವಳು ಫೋನನ್ನು ಡ್ರೈವರ್ ಕೈಗೆ ಹಿಂದಿರುಗಿಸಿದಳು. ಮಾವ ತಲೆ ಎತ್ತಲಿಲ್ಲ. ಉಳಿದ ಅಣಬೆಗಳನ್ನು ಬರಿಗೈಯಲ್ಲಿ ಒಂದೊಂದಾಗಿ, ಬುಡಸಮೇತ ಅಗೆಯತೊಡಗಿದರು. ಅವಳೂ ಪಕ್ಕದಲ್ಲಿ ಮಂಡಿಯೂರಿದಳು.