ಪರದೆ ತುಂಬಿದ ಮುಖ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಫೀಕನ ಮಿಕ್ಸಿಂಗ್ ಅಂಗಡಿಯಿತ್ತು. ಮದುವೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಕೂಡಿಸಿ ಸಿಡಿ ಮಾಡಿಕೊಡುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲೇ ಮದುವೆಯಾಗಲಿ, ಟೇಪು ಬಂದು ಬೀಳುತ್ತಿದ್ದದ್ದು ಇವನ ಮೇಜಿನ ಮೇಲೆ. ಗದಗ ಜಿಲ್ಲೆಯಾದ ಮೇಲೆ ಏನು ಬಂತೋ ಏನು ಬಿಟ್ಟಿತೋ, ಉಳ್ಳವರ ಮನೆಗಳಿಗೆ ಅಗಲ ಟಿವಿಯಂತೂ ಬಂತು. ಅದರ ಬೆನ್ನಿಗೇ ಜಗಳವೂ ಬಂತು. ಕ್ಯಾಮೆರಾ ಹಳೆಯದು, ಅದು ಹಿಡಿಯುವ ಚಿತ್ರ ಹೆಚ್ಚುಕಡಿಮೆ ಚೌಕ. ಅಗಲ ಟಿವಿಗೆ ಹಾಕಿದರೆ ಎಡಕ್ಕೂ ಬಲಕ್ಕೂ ಕರಿ ಪಟ್ಟಿ ಉಳಿಯುತ್ತಿತ್ತು. ಜನ ಸಿಡಿ ಹಿಡಿದುಕೊಂಡು ಬಂದು ಹರಿಹಾಯುತ್ತಿದ್ದರು.

"ಏನಲೇ ಶಫೀಕ, ಪೂರಾ ಟಿವಿ ತಂದೀವಿ, ಅರ್ಧಾ ಮದುವಿ ತೋರಸ್ತಿ?"

ತಿಳಿಸಿ ಹೇಳಿ ಸಾಕಾಗಿ ಶಫೀಕ ಸಾಫ್ಟ್‌ವೇರಿನ ಸೆಟ್ಟಿಂಗನ್ನೇ ಅಗಲಕ್ಕೆ ತಿರುಗಿಸಿಟ್ಟ. ಚೌಕ ಚಿತ್ರ ಎರಡೂ ಕಡೆ ಜಗ್ಗಿಕೊಂಡು ಪರದೆ ತುಂಬಿತು. ತಪ್ಪೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಜಗಳ ನಿಂತಿತಲ್ಲ! ಜಗಳ ನಿಂತದ್ದಷ್ಟೇ ಅಲ್ಲ, ಜನ ಹಿಗ್ಗಿದರು. ಬಡಕಲು ಮದುಮಗ ಪೈಲ್ವಾನನಾದ, ಬೀಗರೆಲ್ಲ ಮೈಕೈ ತುಂಬಿಕೊಂಡು ಕಂಡರು. ನಮ್ಮ ಕಡೆ ಯಾರನ್ನಾದರೂ ಹೊಗಳಬೇಕಾದರೆ ಮೊದಲು ಮೈಯನ್ನೇ ಹೊಗಳುತ್ತಾರೆ. ಮುಖ ತುಂಬಿಕೊಂಡಿದ್ದರೆ ಮುಗಿಯಿತು, ಸುಖವಾಗಿದ್ದಾರೆ ಎನ್ನುವುದಕ್ಕೆ ಬೇರೆ ಪುರಾವೆ ಯಾರೂ ಕೇಳುವುದಿಲ್ಲ.

ದಸರಾ ಕಳೆದ ಮೇಲೆ ಒಂದು ಮುಂಜಾನೆ ಹಿರೇವಡ್ಡಟ್ಟಿಯ ಪುಂಡಲೀಕಪ್ಪ ಕುಂಟುತ್ತ ಅಂಗಡಿಯ ಮೆಟ್ಟಿಲು ಹತ್ತಿದ. ಹಿಂದೆ ಅವನ ಹೆಂಡತಿ ಕಳಕವ್ವ. ಆಕೆ ಒಳಗೆ ಬಂದವಳೇ ಕಂಪ್ಯೂಟರಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತಳು. ಪುಂಡಲೀಕಪ್ಪನ ಕೈಯಲ್ಲಿ ಒಂದು ಸಿಡಿ. ಬೇಸಿಗೆಯಲ್ಲಿ ಲಕ್ಷ್ಮೇಶ್ವರದಲ್ಲಿ ನಡೆದ, ಅವನ ಅಣ್ಣನ ಮಗ ಸುಭಾಸನ ಮದುವೆಯದು. ಮಿಕ್ಸಿಂಗ್ ಮಾಡಿದವನು ಶಫೀಕನೇ.

"ತಮ್ಮಾ, ಇದರಾಗ ನನ್ನ ಮಗಳು ಶಿವಲಕ್ಷ್ಮಿ ಅದಾಳ. ಆರತಿ ಹಿಡದು ನಿಂತಾಳ ನೋಡು. ಆಕಿದೊಂದು ಫೋಟೋ ತಗದು ಕೊಡು. ಗ್ವಾಡಿಗೆ ಹಾಕೂದೈತಿ."

ಗೋಡೆಗೆ ಹಾಕುವ ಫೋಟೋ ಎಂದ ಮೇಲೆ ಬಿಡಿಸಿ ಹೇಳುವುದೇನಿತ್ತು? ಶಫೀಕ ದನಿ ತಗ್ಗಿಸಿದ. "ಏನಾಗಿತ್ರಿ ಕಾಕಾ?"

"ಜ್ವರ. ಶ್ರಾವಣದಾಗ. ಆಕಿ ಮದುವಿ ಫೋಟೋ ಎಲ್ಲಾ ಶಿರಹಟ್ಟಿ ಕಡೆ, ಗಂಡನ ಮನ್ಯಾಗ ಅದಾವು. ಅವರು ಕೊಡವಲ್ರು."

ಶಫೀಕ ಸಿಡಿ ಹಾಕಿ ಆ ಜಾಗ ಹುಡುಕಿ ನಿಲ್ಲಿಸಿದ. ಶಿವಲಕ್ಷ್ಮಿ ಆಗ ಮುಖ ತಿರುಗಿಸುತ್ತಿದ್ದುದರಿಂದ ಮುಖದ ತುಂಬ ಬಾಚಣಿಕೆಯ ಹಲ್ಲಿನಂಥ ಗೆರೆಗಳು. ಸಿಡಿಯಿಂದ ಒಳ್ಳೆಯ ಫೋಟೋ ಬರುವುದಿಲ್ಲ ಎಂದುಕೊಂಡು ಅವನು ಕಪಾಟು ತೆಗೆದ. ಸುಭಾಸನ ಮನೆಯವರು ಒಯ್ಯದೆ ಬಿಟ್ಟಿದ್ದ ಮೂಲ ಟೇಪು ಅಲ್ಲೇ ಇತ್ತು. ಮಗಳನ್ನು ಕಳೆದುಕೊಂಡವರು, ಚೊಕ್ಕ ಮಾಡಿ ಕೊಡೋಣ ಎಂದು ಅದನ್ನೇ ಇಳಿಸಿದ. ಪರದೆಯ ಮೇಲೆ ಯಾವಾಗಲೂ ಬರುವ ಎಚ್ಚರಿಕೆ ಬಂತು: ಟೇಪಿನ ಅಳತೆಗೂ ಇಲ್ಲಿಯ ಸೆಟ್ಟಿಂಗಿಗೂ ಹೊಂದುವುದಿಲ್ಲ, ಏನು ಮಾಡಲಿ? ಎಲ್ಲ ಮದುವೆಗೂ ಒತ್ತುವ ಬಟನ್ನನ್ನೇ ಬೆರಳು ಒತ್ತಿತು. ಚಿತ್ರ ಅಗಲಕ್ಕೆ ಜಗ್ಗಿಕೊಂಡು ಕೂತಿತು. ಆಮೇಲೆ ಅವನು ಗೆರೆಗಳನ್ನು ತೆಗೆದ. ತುಂಬು ಕೆನ್ನೆಯ ಹುಡುಗಿಯೊಬ್ಬಳು ಆರತಿ ತಾಟು ಹಿಡಿದು ನಿಂತಿದ್ದಳು.

"ಇದ, ಇದ," ಎಂದು ಪುಂಡಲೀಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. "ಹೆಂಗ ಮೈ ತುಂಬಿಕೊಂಡಿದ್ಲು ನೋಡು. ಹಂತಾಕಿನ್ನ ಜ್ವರ ತಿಂದು ಹಾಕಿಬಿಡ್ತು. ನಾವು ಹೋಗೂದ್ರಾಗ ಬರೇ ಎಲುಬು ಉಳದಿದ್ವು."

ಈ ಮಾತನ್ನು ಅವನು ಬಹಳ ಜನರಿಗೆ ಹೇಳಿರಬೇಕು, ಅಷ್ಟು ಸಲೀಸಾಗಿ ಬಂತು. ಯಾರೂ ಕೇಳದಿದ್ದರೂ ಉಳಿದದ್ದನ್ನೂ ಹೇಳಿದ. ಆ ಮದುವೆಗೆ ತಾನು ಹೋಗಿರಲಿಲ್ಲ, ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಹೋಗಿ ಬಂದ ಕಳಕವ್ವ, ಹುಡುಗಿ ಸೊರಗಿ ಹೋಗಿದ್ದಾಳೆ, ಅತ್ತೆ ಅಡುಗೆಮನೆಗೆ ಕೀಲಿ ಹಾಕುತ್ತಾಳಂತೆ, ಯಾರನ್ನಾದರೂ ಕಳಿಸಿ ಕರೆಸಿಕೊಳ್ಳಿ ಎಂದು ಅತ್ತಳು. ಮಗಳೂ ಯಾರದೋ ಫೋನಿನಿಂದ, ಅಪ್ಪಾ, ಹೊಟ್ಟಿಗೆ ಹಾಕೂದಿಲ್ಲ, ಕರಕೊಂಡು ಹೋಗು ಎಂದಿದ್ದಳು.

"ಹೆಣ್ಮಕ್ಳು ಹೇಳೂದು ಹಂಗ ಅಲ್ಲೇನು? ಅಷ್ಟ್ರಾಗ ಸಿಡಿ ಬಂತು. ಓಣಿ ಮಂದಿನ್ನೆಲ್ಲಾ ಕುಂಡ್ರಿಸಿ ಹಾಕಿ ತೋರಿಸಿದೆ. ಉಪವಾಸ ಇದ್ದಾಕಿ ಹಿಂಗಿರತಾಳೇನ ಅಂತ ಕೇಳಿದೆ. ಆವತ್ತಿಂದ ಈಕಿ ಬಾಯಿ ಮುಚ್ಚಿದ್ಲು ನೋಡು."

ಶಫೀಕನ ಕೈ ಮೌಸಿನ ಮೇಲೇ ನಿಂತಿತು. ತಾನು ಜಗ್ಗಿದ ಮುಖವನ್ನು ನೋಡಿ ಒಬ್ಬ ತಂದೆ ಮಗಳನ್ನು ಕರೆತರದೆ ಬಿಟ್ಟಿದ್ದಾನೆ. ಈಗಲೂ ಸುಮ್ಮನೆ ಇದನ್ನೇ ಪ್ರಿಂಟು ಹಾಕಿ ಕೊಟ್ಟರೆ ಆಯಿತು. ಜ್ವರ ತಿಂದು ಹಾಕಿತು ಎಂದುಕೊಂಡು ಮುದುಕ ಬದುಕಿಕೊಳ್ಳುತ್ತಾನೆ. ತನ್ನ ಮರ್ಯಾದೆಯೂ ಉಳಿಯುತ್ತದೆ. ಅವನು ಪ್ರಿಂಟಿನ ಬಟನ್ನಿಗೆ ಕೈ ಒಯ್ದ.

ಆಗ ಕಳಕವ್ವ ತಿರುಗಿ ನೋಡಿದಳು.

"ತಮ್ಮಾ, ಆ ತಾಟ್ಯಾಕ ಹಂಗ ಐತಿ?"

"ಹೆಂಗ ಐತ್ರಿ ಅವ್ವಾರ?"

"ಉದ್ದಕ್ಕ ಐತಲ್ಲ. ಅದು ನಮ್ಮನಿ ತಾಟು, ನಾನ ಒಯ್ದಿದ್ದೆ. ದುಂಡಗೈತಿ ಅದು."

"ಕ್ಯಾಮೆರಾದಾಗ ಹಂಗ ಕಾಣತೈತ್ರಿ," ಎಂದ ಶಫೀಕ. ಅಂದ ಕೂಡಲೇ ತನ್ನ ಬಗ್ಗೆ ತನಗೇ ಹೇಸಿಕೆಯಾಯಿತು.

"ಸರಿ ಮಾಡಾಕ ಬರೂದಿಲ್ಲೇನು?"

ಶಫೀಕ ಪುಂಡಲೀಕಪ್ಪನ ಮುಖ ನೋಡಿದ. ಅವನೇ ಉತ್ಸಾಹದಿಂದ ಅಂದ, "ಮಾಡು ತಮ್ಮಾ, ಮಾಡು. ಕಾಯಂ ಇರೂ ಫೋಟೋ, ಛಲೋ ಬರ್ಲಿ."

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಶಫೀಕ ಸೆಟ್ಟಿಂಗ್ ತೆರೆದು, ಅಗಲದ ಅಳತೆ ತೆಗೆದು ಟೇಪಿನ ಅಳತೆಯನ್ನೇ ಇಟ್ಟ. ಚಿತ್ರ ಎರಡೂ ಕಡೆಯಿಂದ ಒಳಗೆ ಸರಿಯಿತು. ತಾಟು ದುಂಡಗಾಯಿತು. ಮುಖ ಬತ್ತಿತು. ಕೆನ್ನೆಯ ಮೂಳೆ ಮೇಲೆದ್ದಿತ್ತು, ಕೊರಳ ಕೆಳಗೆ ಗುಳಿ ಬಿದ್ದಿತ್ತು. ತಾಟು ಎತ್ತಿ ಹಿಡಿದ ಕೈಯ ಬಳೆಗಳೆಲ್ಲ ಮೊಣಕೈವರೆಗೆ ಜಾರಿದ್ದವು. ಆದರೂ ಹುಡುಗಿ ಕ್ಯಾಮೆರಾ ನೋಡಿ ನಗುತ್ತಿದ್ದಳು.

"ಇದ್ಯಾರು?" ಎಂದ ಪುಂಡಲೀಕಪ್ಪ.

ಅವನು ಶಫೀಕನ ಭುಜ ಹಿಡಿದು ಅಲುಗಿಸಿದ.

"ಮೊದಲಿಂದು ಹಾಕು. ಇದು ಬ್ಯಾಡ, ಮೊದಲಿಂದು ಹಾಕು."

"ಕಾಕಾ, ಖರೇದು ಇದ ಐತ್ರಿ." ಶಫೀಕ ಮೌಸಿನಿಂದ ಕೈ ತೆಗೆದ. "ಮೊದಲಿಂದು ನಾ ಜಗ್ಗಿದ್ದು. ಟಿವಿ ತುಂಬಲಿ ಅಂತ ಎಲ್ಲಾರ ಸಿಡಿನೂ ಹಂಗ ಮಾಡತೀನ್ರಿ. ನನ್ನಿಂದ ದೊಡ್ಡ ತಪ್ಪಾತ್ರಿ."

ಈಗ ಹೊಡೆಯುತ್ತಾನೆ ಎಂದುಕೊಂಡು ಶಫೀಕ ತಲೆ ತಗ್ಗಿಸಿದ. ಹೊಡೆದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಪುಂಡಲೀಕಪ್ಪ ಹೊಡೆಯಲಿಲ್ಲ. ಹೆಂಡತಿಯ ಕಡೆ ತಿರುಗಿದ, ಮುಳುಗುವವನಿಗೆ ಹಗ್ಗ ಸಿಕ್ಕಂತೆ.

"ಕೇಳಿದೇನ, ಕೇಳಿದೇನ? ಸಿಡಿನ ಸುಳ್ಳು! ನಾ ಏನ್ ಮಾಡ್ಲಿ? ಸಿಡಿ ನೋಡಿ ನಂಬಿದೆ. ನನಗೆಂಗ ಗೊತ್ತಾಗಬೇಕು?"

ಕಳಕವ್ವ ಎದ್ದು ಪರದೆಯ ಹತ್ತಿರ ಬಂದಳು. ಮಗಳ ಕೆನ್ನೆಯನ್ನು, ಗಾಜಿನ ಮೇಲಿಂದಲೇ, ಬೆರಳಿನಿಂದ ಮುಟ್ಟಿದಳು.

"ಸಿಡಿ ಸುಳ್ಳ ಹೇಳ್ತು," ಎಂದಳು. "ಫೋನಿನ್ಯಾಗ ಆಕಿ ಖರೇನ ಹೇಳಿದ್ಲಲ್ಲ."

ಆಕೆ ಬಿಟ್ಟೆದ್ದ ಬೆಂಚಿನ ಮೇಲೆ ಪುಂಡಲೀಕಪ್ಪ ಹೋಗಿ ಕೂತ. ಹೊರಗೆ ಮುಂಡರಗಿ ಬಸ್ಸಿನ ಕಂಡಕ್ಟರ್ ಜನರನ್ನು ಕೂಗಿ ಕರೆಯುತ್ತಿದ್ದ. ಶಫೀಕ ಇಬ್ಬರ ಮುಖವನ್ನೂ ನೋಡಲಾರದೆ ಕೀಬೋರ್ಡನ್ನು ನೋಡುತ್ತ ಕೂತ. ಆ ತಪ್ಪಿನಲ್ಲಿ ತನ್ನ ಪಾಲೆಷ್ಟು, ಪುಂಡಲೀಕಪ್ಪನ ಪಾಲೆಷ್ಟು ಎಂದು ಹಂಚಿಕೊಂಡು ಹಗುರಾಗುವ ಹಾಗಿರಲಿಲ್ಲ. ಇಬ್ಬರಿಗೂ ಪೂರ್ತಿಯೇ ಬಂದಿತ್ತು.

"ಇದನ್ನ ಮಾಡು ತಮ್ಮಾ," ಎಂದಳು ಕಳಕವ್ವ. "ದೊಡ್ಡದು ಮಾಡು. ಇವರು ಉಣ್ಣಾಕ ಕುಂಡ್ರೂ ಜಾಗಾ ಐತಲ್ಲ, ಅದರ ಎದುರಿನ ಗ್ವಾಡಿಗೆ ಹಾಕ್ತೀನಿ."

ಶಫೀಕ ಪ್ರಿಂಟು ಕೊಟ್ಟ. ಮಶೀನು ಕಾಗದವನ್ನು ಮೆಲ್ಲಗೆ ಹೊರಗೆ ತಳ್ಳತೊಡಗಿತು. ಮೊದಲು ಹಣೆ ಬಂತು, ಆಮೇಲೆ ಕಣ್ಣು. ಕೆನ್ನೆ ಬರುವಷ್ಟರಲ್ಲಿ ಪುಂಡಲೀಕಪ್ಪ ಎದ್ದು ಹೊರಗೆ ಹೋಗಿದ್ದ.