ಬಾರ್ಡರ್‌ನಲ್ಲಿದ್ದ ಜಟ್ಟಪ್ಪ

೧

ಹೊಟ್ಟೆಯಿಂದ ಶುರುಮಾಡಿದರೆ ನೀವು ನಗುತ್ತೀರಿ. ಆಸ್ಪತ್ರೆಯಿಂದ ಶುರುಮಾಡಿದರೆ ಪುಟ ತಿರುವುತ್ತೀರಿ. ಡೊಳ್ಳಿನಿಂದ ಶುರುಮಾಡೋಣವೆಂದರೆ, ‘ಡೊಳ್ಳು ಹೊಟ್ಟೆ’ ಎಂಬ ಮಾತು ನನಗಿಂತ ಮೊದಲೇ ಬಂದು ಕೂತು ಹಲ್ಲು ಕಿರಿಯುತ್ತದೆ. ಏನು ಮಾಡಲಿ? ಜಟ್ಟಪ್ಪನಿಗೆ ಡೊಳ್ಳೂ ಇತ್ತು, ಹೊಟ್ಟೆಯೂ ಇತ್ತು.

(ಮೊದಲ ಡ್ರಾಫ್ಟ್‌ನಲ್ಲಿ ಅವನ ಹೊಟ್ಟೆಯ ಮೇಲೆ ಒಳ್ಳೊಳ್ಳೆಯ ಜೋಕುಗಳಿದ್ದವು. ತೆಗೆದುಹಾಕಿದ್ದೇನೆ.)

೨

ಸರಿ, ನೇರವಾಗಿ ಹೇಳುತ್ತೇನೆ. ಜಟ್ಟಪ್ಪ ಶಿಕಾರಿಪುರ ತಾಲ್ಲೂಕಿನವನು, ತಾಳಗುಂದದ ಪಕ್ಕದ ಹಳ್ಳಿ. ಕುರಿ ಸಾಕುವ ಮನೆತನ. ಹರೆಯದಲ್ಲಿ ಹಗಲೆಲ್ಲ ಕುರಿಗಳ ಹಿಂದೆ ನಡೆದ, ಸಂಜೆ ಡೊಳ್ಳು ಕಟ್ಟಿ ಕುಣಿದ. ಆಮೇಲೆ ಕುರಿಗಳನ್ನು ತಮ್ಮನಿಗೆ ಬಿಟ್ಟು ಗೂಡ್ಸ್ ಗಾಡಿ ತೆಗೆದುಕೊಂಡ. ಶಿಕಾರಿಪುರಕ್ಕೆ ಮೆಕ್ಕೆಜೋಳ, ಸೊರಬಕ್ಕೆ ಭತ್ತ. ದಿನವಿಡೀ ಸೀಟಿನ ಮೇಲೆ. ಕೈಕಾಲು ಮೊದಲಿನಂತೆ ಸಣ್ಣಗೇ ಉಳಿದವು. ಹೊಟ್ಟೆಯೊಂದು ಮುಂದೆ ಬಂತು. ಡೊಳ್ಳಿನ ಹಗ್ಗವನ್ನು ಪ್ರತಿ ವರ್ಷ ಅಷ್ಟಷ್ಟು ಸಡಿಲಿಸುತ್ತ ಹೋದ. ಊರವರು “ಕಳೆ ಬಂತು” ಎಂದರು. ಗಂಡ ಸೊರಗಿದರೆ ಹೆಂಡತಿಯ ಅಡುಗೆಗೆ ಹೆಸರಿಡುವ ಊರದು. ಹಾಗಾಗಿ ಅವನ ಹೆಂಡತಿ ಮಾಳಮ್ಮನೂ ಒಳಗೊಳಗೇ ಹಿಗ್ಗಿದಳು.

ಅವನ ಅಪ್ಪ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಂಡು ಸತ್ತಿದ್ದ. ಇದನ್ನು ಮರೆಯಬೇಡಿ. ಜಟ್ಟಪ್ಪ ಹೆದರುತ್ತಿದ್ದದ್ದು ಅದೊಂದಕ್ಕೇ.

೩

ಸೊರಬದ ಮಾರುಕಟ್ಟೆ ಆವರಣದಲ್ಲಿ ಒಂದು ಬೆಳಿಗ್ಗೆ ಆರೋಗ್ಯ ತಪಾಸಣೆ ಇತ್ತು. ಲೋಡು ಇಳಿಯುವ ತನಕ ಏನು ಮಾಡುವುದೆಂದು ಜಟ್ಟಪ್ಪ ಹೋಗಿ ಬೆರಳು ಚುಚ್ಚಿಸಿಕೊಂಡ. ಡಾಕ್ಟರು ಗಂಗಾಶ್ರೀ ಅವನ ಸೊಂಟಕ್ಕೆ ಟೇಪು ಸುತ್ತಿದರು, ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು.

“ಶುಗರ್ ಐತೇನ್ರಿ ಮೇಡಂ?”

“ಇನ್ನೂ ಇಲ್ಲ. ಬಾರ್ಡರಲ್ಲಿದೆ.”

“ಅಂದ್ರೆ ಇಲ್ಲ!”

“ಪೂರ್ತಿ ಕೇಳಿ ಮಾರಾಯ್ರೆ. ನಿಮ್ಮ ಕೊಬ್ಬು ಚರ್ಮದ ಕೆಳಗಷ್ಟೇ ಇಲ್ಲ, ಒಳಗೆ ಲಿವರ್, ಕರುಳಿನ ಸುತ್ತ ಕೂತಿದೆ. ಅದು ಸುಮ್ನೆ ಕೂರೋದಲ್ಲ. ರಕ್ತನಾಳ ಮೆತ್ತಗೆ ಹಿಗ್ಗಬೇಕು, ಕುಗ್ಗಬೇಕು. ಇಂಥ ಹೊಟ್ಟೆ ಇದ್ರೆ ನಾಳ ಪೆಡಸಾಗ್ತಾ ಹೋಗ್ತದೆ. ಸಕ್ಕರೆ ಕಾಯಿಲೆ ಬರ್ಲಿ ಅಂತ ಅದು ಕಾಯೋದಿಲ್ಲ. ಬಿಪಿನೂ ಜಾಸ್ತಿ ಇದೆ. ದಿನಾ ನಡೀರಿ, ಅನ್ನ, ಸಿಹಿ ಕಮ್ಮಿ ಮಾಡಿ. ಮುಂದಿನ ವಾರ ಆಸ್ಪತ್ರೆಗೆ ಬನ್ನಿ.”

“ಆತ್ರಿ, ಬರ್ತೀನಿ,” ಎಂದ ಜಟ್ಟಪ್ಪ.

(ಇಲ್ಲಿ ಓದುಗರಾದ ನೀವು ‘ಆಸ್ಪತ್ರೆಗೆ ಹೋಗೋ ಮಾರಾಯ’ ಅನ್ನುತ್ತೀರಿ. ನಾನೂ ಅಂದೆ. ಬರೆಯುವವನ ಮಾತನ್ನು ಪಾತ್ರ ಕೇಳುತ್ತದೆಂದು ಯಾರು ಹೇಳಿದರು?)

೪

ಮನೆಗೆ ಬಂದು ಗಾಡಿ ನಿಲ್ಲಿಸುವ ಮೊದಲೇ ಕೂಗಿದ: “ಮಾಳೀ, ನಂಗೆ ಶುಗರ್ ಇಲ್ವಂತೆ!”

ಮಾಳಮ್ಮ ಅತ್ತೇಬಿಟ್ಟಳು. ಮಾವನ ಕಾಲಿನ ಗಾಯ ತೊಳೆದವಳು ಅವಳೇ. ಆವತ್ತೇ ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ ಹೋಳಿಗೆ ಮಾಡಿದಳು. ಮೇಲೆ ತುಪ್ಪ. ಜಟ್ಟಪ್ಪ ಸಾಕೆನ್ನಲಿಲ್ಲ.

ಈ ಪ್ಯಾರಾ ಬರೆದು ಓದಿ ಹೇಳಿದಾಗ ಮಾಳಮ್ಮ ನನ್ನ ಜೊತೆ ಜಗಳಕ್ಕೆ ಬಂದಳು.

“ಆ ಹೋಳಿಗಿ ಸುದ್ದಿ ತೆಗೀರಿ.”

“ಒಂದು ಹೋಳಿಗೆಯಿಂದ ಯಾರಿಗೂ ಏನೂ ಆಗೋದಿಲ್ಲಮ್ಮ. ಆ ಹೊಟ್ಟೆ ಎಷ್ಟೋ ವರ್ಷದ್ದು.”

“ನಿಮ್ಗೆ ಗೊತ್ತೈತಿ. ಓದೋರಿಗೆ ಗೊತ್ತಾಗ್ತತೇನು? ನಿಮ್ ಕತೆಯಾಗಾದ್ರೂ ನಾ ಆವತ್ತು ಸೊಪ್ಪಿನ ಸಾರು ಮಾಡಿದ್ದೆ ಅಂತ ಬರೀರಿ. ಬರಿಯಾಕೆ ನಿಮಗೇನು ಕಷ್ಟ?”

ಬರೆದೆ. ಸೊಪ್ಪಿನ ಸಾರು ಎಂದು ಬರೆದೆ. ಆಮೇಲೆ ಮುಂದಕ್ಕೆ ಒಂದು ವಾಕ್ಯವೂ ಹೋಗಲಿಲ್ಲ. ಹೊಡೆದುಹಾಕಿ ಹೋಳಿಗೆಯನ್ನೇ ಮತ್ತೆ ಇಟ್ಟಿದ್ದೇನೆ. ಕ್ಷಮಿಸು ತಾಯಿ.

೫

ಇನ್ನು ಮುಕ್ತಾಯಗಳು.

ಒಂದು: ಜಟ್ಟಪ್ಪ ಮುಂದಿನ ವಾರ ಆಸ್ಪತ್ರೆಗೆ ಹೋಗುತ್ತಾನೆ. ಬಿಪಿ ಗುಳಿಗೆ ನುಂಗುತ್ತಾನೆ. ಬೆಳಿಗ್ಗೆ ತಮ್ಮನ ಕುರಿಗಳ ಜೊತೆ ನಡೆಯುತ್ತಾನೆ. ಡೊಳ್ಳಿನ ಹಗ್ಗ ಬಿಗಿಯಾಗುತ್ತದೆ. ಇದನ್ನು ಬರೆಯುವಾಗ ಎಷ್ಟು ಸಂತೋಷವಾಗಿತ್ತೆಂದರೆ, ಸಾಧ್ಯವಿದ್ದಿದ್ದರೆ ಇದನ್ನೇ ಅಚ್ಚಿಗೆ ಕೊಡುತ್ತಿದ್ದೆ.

ಇನ್ನೊಂದು, ನಡೆದದ್ದು: ಜಟ್ಟಪ್ಪ ಆಸ್ಪತ್ರೆಗೆ ಹೋಗಲೇ ಇಲ್ಲ. ಮಗಳು ಸುಷ್ಮಿತಾ ಶಿಕಾರಿಪುರದಲ್ಲಿ ಕಾಲೇಜು ಓದುತ್ತಿದ್ದಳು. ಅಲ್ಲಿನ ಹುಡುಗಿಯರು ಡೊಳ್ಳಿನ ತಂಡ ಕಟ್ಟಿದರು. ಕಲಿಸಲು ಜಟ್ಟಪ್ಪನೇ ಹೋದ. ಒಂದು ಬೆಳಿಗ್ಗೆ ಮೈದಾನದಲ್ಲಿ ಬಾರಿಸಿ ತೋರಿಸುವಾಗ ಬಲಗೈಯ ಕೋಲು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡ. ಮತ್ತೆ ಬಿತ್ತು. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಸುಷ್ಮಿತಾ ನಕ್ಕಳು. ಅವಳು ನಕ್ಕದ್ದಕ್ಕೆ ಉಳಿದವರೂ ನಕ್ಕರು. ಅವನೂ ನಗಲು ನೋಡಿದ. ಬಾಯಿ ಒಂದೇ ಕಡೆ ಹೋಯಿತು.

ಅವಳೇ ಆಟೋದಲ್ಲಿ ಹಾಕಿಕೊಂಡು ಓಡಿದಳು. ಆಸ್ಪತ್ರೆಯವರು ಶಿವಮೊಗ್ಗಕ್ಕೆ ಕಳಿಸಿದರು. ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಬೇಗ ತಂದದ್ದರಿಂದ ಜೀವ ಉಳಿಯಿತು. ಬಲಗೈ ಪೂರ್ತಿ ಮರಳಲಿಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, “ಶುಗರ್ ಇಲ್ಲ, ಬಾರ್ಡರಲ್ಲಿದೆ ಅಷ್ಟೆ,” ಎಂದರು.

ಸುಷ್ಮಿತಾ ನನಗೆ ಹೇಳಿದ್ದು ಒಂದೇ ಮಾತು: “ನಾ ನಕ್ಕೆ ಸಾರ್.” ಜೋಕುಗಳನ್ನು ಯಾಕೆ ತೆಗೆದೆನೆಂದು ಈಗ ಗೊತ್ತಾಯಿತಲ್ಲ.

೬

ಡ್ರಾಫ್ಟು ಹಿಡಿದು ಅವರ ಜಗಲಿಯ ಮೇಲೆ ಕೂತಿದ್ದೆ. ಜಟ್ಟಪ್ಪನ ಮಾತು ಈಗ ಸ್ವಲ್ಪ ಎಳೆಯುತ್ತದೆ. ಆದರೂ ಓದುತ್ತಿದ್ದ ನನ್ನನ್ನು ತಡೆದ.

“ಸಾರ್, ನನ್ ಹೊಟ್ಟಿಗೆ ಏನಾರ ಅನ್ರಿ. ಇವಳಿಗೆ ಅನಬ್ಯಾಡ್ರಿ.”

“ನಾನೇನೂ ಅಂದಿಲ್ಲ.”

“ಇವಳು ಅನ್ಕಂಡಾಳೆ. ಆವತ್ತಿಂದ ಒಲಿ ಮುಂದೆ ಕುಂತ್ರೂ ಅಳ್ತಾಳೆ.” ಉಸಿರು ತೆಗೆದುಕೊಂಡ. “ಆ ಡಾಕ್ಟ್ರಮ್ಮ ಎಲ್ಲಾ ಹೇಳಿದ್ರು. ಬಿಪಿ ಐತಿ ಅಂದ್ರು, ಸಿಹಿ ತಿನಬ್ಯಾಡ ಅಂದ್ರು, ತಿರುಗಿ ಬಾ ಅಂದ್ರು. ಮನಿಗೆ ಬಂದು ನಾ ಅರ್ಧ ಹೇಳ್ದೆ.”

ಮಾಳಮ್ಮ ಬಾಗಿಲಲ್ಲಿ ನಿಂತಿದ್ದಳು. ಇದು ಅವಳಿಗೆ ಗೊತ್ತಿರಲಿಲ್ಲ.

“ಯಾಕ್ ಹೇಳ್ಲಿಲ್ಲ?”

“ನೀ ಅಷ್ಟು ಖುಷಿಯಾಗಿ ಅತ್ತಿ. ಉಳಿದದ್ದು ನಾಳೆ ಹೇಳಾನ ಅಂತ ಬಿಟ್ಟೆ.”

“ಹೇಳಿದ್ರೆ ನಾ ಕೇಳ್ತಿದ್ನೋ ಇಲ್ಲೋ,” ಎಂದು ಒಳಗೆ ಹೋದಳು.

೭

ಇಲ್ಲಿಗೆ ಮುಗಿಸಬಹುದಿತ್ತು. ಅವಳು ಹೊರಗೆ ಬಂದು ಅವನ ಕೈ ಹಿಡಿಯುವುದೆಂದು ನಾನು ಒಂದು ಕೊನೆ ಸಿದ್ಧಮಾಡಿಕೊಂಡಿದ್ದೆ. ಹೊರಗೆ ಬಂದಳು ನಿಜ. ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ ಇತ್ತು. ಕೈಯ ವ್ಯಾಯಾಮಕ್ಕೆ ಶಿಕಾರಿಪುರಕ್ಕೆ ಹೋಗಬೇಕು, ಬಸ್ಸಿನ ಹೊತ್ತಾಯಿತು ಎಂದಳು. ಮುಖ ನೋಡಲಿಲ್ಲ. ತೋಳು ತೂರಿಸಿದಳು, ಗುಂಡಿ ಹಾಕಲು ಬಗ್ಗಿದಳು.

“ಬಿಡು. ನಾ ಹಾಕ್ಕಂತೀನಿ.”

ಬಿಟ್ಟಳು. ಮೇಲಿನ ಗುಂಡಿ ಹೇಗೋ ಕೂತಿತು. ಎರಡನೆಯದು ಮೂರನೆಯ ಕಾಜಕ್ಕೆ ಹೋಯಿತು, ಬಿಚ್ಚಿದ. ಬಲಗೈ ಬೆರಳುಗಳು ಬಟ್ಟೆ ಹಿಡಿದವು, ಗುಂಡಿ ಹಿಡಿಯಲಿಲ್ಲ. ತಿರುವಿನಲ್ಲಿ ಬಸ್ಸು ಹಾರ್ನ್ ಮಾಡಿತು. ನಾನು ಎದ್ದು ನಿಂತೆ. ಮಾಳಮ್ಮ ಕಣ್ಣಲ್ಲೇ ನನ್ನನ್ನು ಕೂರಿಸಿದಳು.

“ಇನ್ನೊಂದು ಬಸ್ಸು ಬರ್ತತಿ,” ಎಂದಳು.

ಬಸ್ಸು ಹೋಯಿತು. ಜಟ್ಟಪ್ಪ ತಲೆ ಎತ್ತಲಿಲ್ಲ, ಇನ್ನೂ ಎರಡನೆಯ ಗುಂಡಿಯಲ್ಲೇ ಇದ್ದ.